ನರವೆಂದರೆ ಕರೆಂಟಿನ ತಂತಿಯಲ್ಲ

ಮಾನ್ಯ ಸಂಪಾದಕರಿಗೆ,

ಪತ್ರಿಕೆಯ ಆರೋಗ್ಯ ಪುಟದಲ್ಲಾಗಲಿ, ಶಾಲೆಯ ಪಾಠದಲ್ಲಾಗಲಿ ನರದ ಮಾತು ಬಂದ ಕೂಡಲೇ ಒಂದು ಹೋಲಿಕೆ ತಪ್ಪದೆ ಬರುತ್ತದೆ: ನರಗಳೆಂದರೆ ದೇಹದ ವಿದ್ಯುತ್ ತಂತಿಗಳು, ಮಿದುಳು ಅವುಗಳ ಮೇನ್ ಸ್ವಿಚ್. ಓದುಗರಿಗೆ ಈ ಹೋಲಿಕೆ ಬೇಗ ಹಿಡಿಸುತ್ತದೆ, ನಿಜ. ಆದರೆ ಇದನ್ನೇ ನಂಬಿ ಕುಳಿತರೆ ಕಾಲು ಜೋಮು ಹಿಡಿಯುವುದು ಯಾಕೆ, ಸಕ್ಕರೆ ಕಾಯಿಲೆಯಲ್ಲಿ ಮರಗಟ್ಟುವಿಕೆ ಕಾಲ್ಬೆರಳಿನಿಂದಲೇ ಶುರುವಾಗುವುದು ಯಾಕೆ, ಕೀವು ತುಂಬಿದ ಒಸಡಿಗೆ ಕೊಟ್ಟ ಅರಿವಳಿಕೆ ಸರಿಯಾಗಿ ಹಿಡಿಯದಿರುವುದು ಯಾಕೆ ಎಂಬುದೊಂದೂ ಅರ್ಥವಾಗುವುದಿಲ್ಲ. ತಂತಿಯ ಚಿತ್ರವನ್ನು ಪಕ್ಕಕ್ಕಿಟ್ಟು ನರದಲ್ಲಿ ನಡೆಯುವುದನ್ನೇ ನೋಡಿದರೆ ಈ ಮೂರೂ ಬಿಡಿಸಿಕೊಳ್ಳುತ್ತವೆ. ಹಾಗಾಗಿ ಪತ್ರ ಸ್ವಲ್ಪ ಉದ್ದವಾದರೂ ಪ್ರಕಟಿಸಬೇಕೆಂದು ಕೋರುತ್ತೇವೆ.

ಮೊದಲು ಪದದ ಗೊಂದಲ. ನಮ್ಮ ಆಡುಮಾತಿನಲ್ಲಿ ‘ನರ’ ಎಂಬ ಒಂದೇ ಪದ ಮೂರು ಬೇರೆ ಬೇರೆ ವಸ್ತುಗಳಿಗೆ ಸಲ್ಲುತ್ತದೆ. ಮುಂಗೈ ಮೇಲೆ ನೀಲಿಯಾಗಿ ಉಬ್ಬಿ ಕಾಣುವುದು ರಕ್ತನಾಳ. ಮುಷ್ಟಿ ಬಿಗಿದಾಗ ಮಣಿಕಟ್ಟಿನಲ್ಲಿ ಹುರಿಯಂತೆ ಎದ್ದು ನಿಲ್ಲುವುದು ಸ್ನಾಯುರಜ್ಜು. ಜನ ಎರಡನ್ನೂ ನರ ಎಂದೇ ಕರೆಯುತ್ತಾರೆ. ಸಂವೇದನೆಯನ್ನು ಒಯ್ಯುವ ನರ ಹೀಗೆ ಕಣ್ಣಿಗೆ ಬೀಳುವುದಿಲ್ಲ. ಸುಲಭವಾಗಿ ಕೈಗೆ ಸಿಗುವ ಜಾಗವೆಂದರೆ ಮೊಣಕೈಯ ಒಳಬದಿಯ ಮೂಳೆಯ ಹಿಂದಿನ ತೋಡು. ಅಲ್ಲಿ ಏನಾದರೂ ತಾಗಿದರೆ ಕಿರುಬೆರಳಿಗೂ ಅದರ ಪಕ್ಕದ ಬೆರಳಿಗೂ ಜುಮ್ಮೆಂದು ಹೊಡೆಯುತ್ತದೆ. ಪೆಟ್ಟು ಬಿದ್ದದ್ದು ಮೊಣಕೈಗೆ, ಅನ್ನಿಸಿದ್ದು ಬೆರಳಿಗೆ. ಈ ಸಣ್ಣ ಅನುಭವದಲ್ಲಿ ದೊಡ್ಡ ತತ್ವವೊಂದಿದೆ, ಅದಕ್ಕೆ ಆಮೇಲೆ ಬರುತ್ತೇವೆ.

ತಾಮ್ರದ ತಂತಿಯಲ್ಲಿ ಸಂಕೇತ ಸೆಕೆಂಡಿಗೆ ಲಕ್ಷಾಂತರ ಕಿಲೋಮೀಟರ್ ಓಡುತ್ತದೆ. ನರದ ಸಂಕೇತವೂ ಅಳತೆಗೆ ಸಿಗದಷ್ಟು ವೇಗದ್ದೆಂದು ಹತ್ತೊಂಬತ್ತನೆಯ ಶತಮಾನದ ದೊಡ್ಡ ಶರೀರವಿಜ್ಞಾನಿ ಯೊಹಾನೆಸ್ ಮ್ಯುಲರ್ ಭಾವಿಸಿದ್ದರು. ಅವರ ಶಿಷ್ಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಅದನ್ನು ಅಳೆದೇಬಿಟ್ಟರು. ಉಪಾಯ ಸರಳ: ಕಪ್ಪೆಯ ಕಾಲಿನ ನರವನ್ನು ಸ್ನಾಯುವಿಗೆ ಹತ್ತಿರದ ಒಂದು ಕಡೆ, ದೂರದ ಇನ್ನೊಂದು ಕಡೆ ಪ್ರಚೋದಿಸಿ, ಸ್ನಾಯು ಮಿಡಿಯಲು ಹಿಡಿದ ಸಮಯಗಳ ವ್ಯತ್ಯಾಸ ನೋಡುವುದು. ಎರಡು ಜಾಗಗಳ ನಡುವಿನ ದೂರವನ್ನು ಆ ವ್ಯತ್ಯಾಸದಿಂದ ಭಾಗಿಸಿದರೆ ವೇಗ ಸಿಗುತ್ತದೆ. ಸಿಕ್ಕಿದ್ದು ಸೆಕೆಂಡಿಗೆ ಸುಮಾರು 27 ಮೀಟರ್. ರಸ್ತೆಯ ಮೇಲೆ ಜೋರಾಗಿ ಓಡುವ ಕಾರಿನ ವೇಗವೂ ಹೆಚ್ಚುಕಡಿಮೆ ಅಷ್ಟೇ.

ಇಷ್ಟು ನಿಧಾನ ಯಾಕೆಂದರೆ, ನರತಂತುವಿನಲ್ಲಿ (ನರಕೋಶದಿಂದ ಹೊರಟ ಉದ್ದನೆಯ ಎಳೆ; ಇಂಥ ಎಳೆಗಳ ಕಟ್ಟೇ ನರ) ಚಲಿಸುವುದು ತಂತಿಯಲ್ಲಿ ಹರಿಯುವಂಥ ವಿದ್ಯುತ್ತಲ್ಲ. ನರಕೋಶದ ಪೊರೆಯ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ ಹೊರಗೆ ಸೋಡಿಯಂ ಸುಮಾರು 145, ಒಳಗೆ ಬರೀ 12ರ ಆಸುಪಾಸು. ಪೊಟ್ಯಾಸಿಯಂ ಒಳಗೆ 140, ಹೊರಗೆ 4. ಈ ಅಂತರವನ್ನು ಕಾಯುವುದು ಪೊರೆಯಲ್ಲಿ ಕುಳಿತ ಒಂದು ಪಂಪು. ಒಂದು ಸುತ್ತಿಗೆ ಮೂರು ಸೋಡಿಯಂ ಅಯಾನುಗಳನ್ನು (ವಿದ್ಯುದಂಶ ಹೊತ್ತ ಕಣಗಳನ್ನು) ಹೊರಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆಳೆಯುತ್ತದೆ, ಪ್ರತಿ ಸುತ್ತಿಗೂ ಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚಾಗುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಇದನ್ನು ಗುರುತಿಸಿದರು. ಸುಮ್ಮನಿರುವಾಗ ಪೊರೆಯ ಮೂಲಕ ಪೊಟ್ಯಾಸಿಯಂ ಸ್ವಲ್ಪ ಸ್ವಲ್ಪವೇ ಹೊರಗೆ ಸೋರುವುದರಿಂದ ಕೋಶದ ಒಳಬದಿ ಹೊರಬದಿಗಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ.

ಯಾವುದೋ ಕಾರಣಕ್ಕೆ ಈ ವೋಲ್ಟೇಜು ಒಂದು ಜಾಗದಲ್ಲಿ ಋಣ 55ರ ಹತ್ತಿರಕ್ಕೆ ಏರಿತೆನ್ನಿ. ಅಲ್ಲಿನ ಸೋಡಿಯಂ ದ್ವಾರಗಳು ತೆರೆದುಕೊಳ್ಳುತ್ತವೆ. ಸೋಡಿಯಂ ಒಳನುಗ್ಗುತ್ತದೆ, ವೋಲ್ಟೇಜು ಇನ್ನಷ್ಟು ಏರುತ್ತದೆ, ಅದರಿಂದ ಮತ್ತಷ್ಟು ದ್ವಾರಗಳು ತೆರೆಯುತ್ತವೆ. ಕಣ್ಣುಮಿಟುಕಿಸುವುದಕ್ಕಿಂತ ಎಷ್ಟೋ ಮೊದಲೇ ಒಳಬದಿ ಧನ 30ರಿಂದ 40 ಮಿಲಿವೋಲ್ಟ್ ಮುಟ್ಟುತ್ತದೆ. ಅಷ್ಟರಲ್ಲಿ ಸೋಡಿಯಂ ದ್ವಾರಗಳು ತಾವಾಗಿ ಮುಚ್ಚಿ ಬೀಗ ಹಾಕಿಕೊಳ್ಳುತ್ತವೆ. ತಡವಾಗಿ ತೆರೆದ ಪೊಟ್ಯಾಸಿಯಂ ದ್ವಾರಗಳ ಮೂಲಕ ಪೊಟ್ಯಾಸಿಯಂ ಹೊರಬಂದು ವೋಲ್ಟೇಜು ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಇಷ್ಟಕ್ಕೂ ಹಿಡಿಯುವುದು ಒಂದೆರಡು ಮಿಲಿಸೆಕೆಂಡ್. ಇದಕ್ಕೆ ನರಾವೇಗ ಎನ್ನುತ್ತೇವೆ. ಸ್ಕ್ವಿಡ್ ಎಂಬ ಕಡಲಪ್ರಾಣಿಯ ಅರ್ಧ ಮಿಲಿಮೀಟರ್ ದಪ್ಪದ ನರತಂತುವಿನಲ್ಲಿ ಈ ಲೆಕ್ಕವನ್ನೆಲ್ಲ ಬಿಡಿಸಿ 1952ರಲ್ಲಿ ಸಮೀಕರಣಗಳಾಗಿ ಬರೆದವರು ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ. 1963ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು.

ಇಲ್ಲಿ ಮುಖ್ಯ ಸಂಗತಿಯೆಂದರೆ ಅಯಾನುಗಳು ನರದ ಉದ್ದಕ್ಕೂ ಪ್ರಯಾಣ ಮಾಡುವುದಿಲ್ಲ. ಅವು ಪೊರೆಯನ್ನು ಅಡ್ಡಕ್ಕೆ ದಾಟುತ್ತವೆ, ಇದ್ದ ಜಾಗದಲ್ಲೇ. ಒಂದು ತುಣುಕಿನಲ್ಲಿ ಏರಿದ ವೋಲ್ಟೇಜು ಪಕ್ಕದ ತುಣುಕನ್ನು ತಟ್ಟುತ್ತದೆ, ಅದು ತನ್ನ ದ್ವಾರಗಳನ್ನು ತೆರೆದು ಆವೇಗವನ್ನು ಹೊಸದಾಗಿ ಹುಟ್ಟಿಸುತ್ತದೆ. ಬತ್ತಿಯ ಉದ್ದಕ್ಕೂ ಕಿಡಿ ಹರಿಯುವ ಪಟಾಕಿ ಇದಕ್ಕೆ ತಂತಿಗಿಂತ ಎಷ್ಟೋ ಹತ್ತಿರದ ಹೋಲಿಕೆ: ಪ್ರತಿ ತುಣುಕೂ ತನ್ನದೇ ಮದ್ದನ್ನು ಸುಡುತ್ತದೆ, ತುದಿ ತಲುಪಿದ ಕಿಡಿ ಹೊರಟಾಗ ಇದ್ದಷ್ಟೇ ಬಿಸಿ. ವ್ಯತ್ಯಾಸ ಇಷ್ಟೇ, ನರದ ಬತ್ತಿ ಮರುಕ್ಷಣವೇ ಮತ್ತೆ ಉರಿಯಲು ಸಿದ್ಧ. ಹೀಗೆ ಮರುಹುಟ್ಟು ಇಲ್ಲದೆ ಸಂಕೇತ ತಾನಾಗಿ ಹರಿಯಬೇಕಿದ್ದರೆ ಕೆಲವೇ ಮಿಲಿಮೀಟರುಗಳಲ್ಲಿ ಅದು ಸೊರಗಿ ಹೋಗುತ್ತಿತ್ತು. ಈಗಷ್ಟೇ ಉರಿದ ಹಿಂದಿನ ತುಣುಕಿನ ದ್ವಾರಗಳು ಬೀಗ ಹಾಕಿಕೊಂಡಿರುವುದರಿಂದ ಆವೇಗ ಹಿಂದಕ್ಕೆ ತಿರುಗುವುದಿಲ್ಲ. ಅಂದರೆ ನರದ ಪ್ರತಿ ಭಾಗವೂ ಬದುಕಿರಬೇಕು, ಅದಕ್ಕೆ ಆಮ್ಲಜನಕ ಸಿಗುತ್ತಿರಬೇಕು, ಪಂಪು ನಡೆಯುತ್ತಿರಬೇಕು. ತಂತಿಗೆ ಇದರಲ್ಲಿ ಯಾವುದೂ ಬೇಡ. ಮುಂದೆ ಹೇಳುವ ಕಾಯಿಲೆಗಳೆಲ್ಲ ಈ ಮಾತಿನಿಂದಲೇ ಹೊರಡುತ್ತವೆ.

ಹೆಜ್ಜೆ ಹೆಜ್ಜೆಗೂ ಮರುಹುಟ್ಟು ಎಂದರೆ ತಡ. ಈ ತಡವನ್ನು ಕಡಿಮೆ ಮಾಡಲು ಎರಡು ದಾರಿ: ತಂತುವನ್ನು ದಪ್ಪಗೊಳಿಸುವುದು, ಇಲ್ಲವೇ ಅದಕ್ಕೆ ಹೊದಿಕೆ ಸುತ್ತುವುದು. ಸ್ಕ್ವಿಡ್ ಮೊದಲನೆಯದನ್ನು ಮಾಡಿತು. ಅರ್ಧ ಮಿಲಿಮೀಟರ್ ದಪ್ಪಕ್ಕೆ ಬೆಳೆಸಿಯೂ ಪಡೆದದ್ದು ಸೆಕೆಂಡಿಗೆ ಇಪ್ಪತ್ತೈದು ಮೀಟರಿನ ಆಸುಪಾಸು. ನಮ್ಮಲ್ಲಿ ಷ್ವಾನ್ ಕೋಶಗಳೆಂಬ ಪೋಷಕ ಕೋಶಗಳು ತಂತುವಿನ ಸುತ್ತ ಕೊಬ್ಬಿನಂಶದ ಪೊರೆಯನ್ನು ಹತ್ತಾರು ಸುತ್ತು ಸುತ್ತುತ್ತವೆ. ಇದೇ ಮೈಲಿನ್. ದಪ್ಪ ತಂತುಗಳಲ್ಲಿ ಸುಮಾರು ಒಂದು ಮಿಲಿಮೀಟರಿಗೊಮ್ಮೆ ಹೊದಿಕೆಯಲ್ಲಿ ಒಂದು ಮೈಕ್ರೋಮೀಟರಿನಷ್ಟು ಸಣ್ಣ ಸಂದು ಇರುತ್ತದೆ, ಸೋಡಿಯಂ ದ್ವಾರಗಳು ಗುಂಪುಗೂಡಿರುವುದು ಅಲ್ಲೇ. ಆವೇಗ ಸಂದಿನಿಂದ ಸಂದಿಗೆ ಹಾರಿದಂತೆ ಸಾಗುತ್ತದೆ. ಹೀಗಾಗಿ ಬರೀ 12ರಿಂದ 20 ಮೈಕ್ರೋಮೀಟರ್ ದಪ್ಪದ ತಂತು ಸೆಕೆಂಡಿಗೆ 70ರಿಂದ 120 ಮೀಟರ್ ಮುಟ್ಟುತ್ತದೆ. ಸ್ಕ್ವಿಡ್ಡಿನ ದಪ್ಪ ನಮ್ಮ ತಂತುಗಳಿಗೂ ಬೇಕಾಗಿದ್ದರೆ ಸಾವಿರಾರು ತಂತುಗಳ ಒಂದೊಂದು ನರವೂ ಹಲವು ಸೆಂಟಿಮೀಟರ್ ದಪ್ಪಕ್ಕೆ ಬೆಳೆಯಬೇಕಾಗುತ್ತಿತ್ತು.

ಎಲ್ಲ ಸುದ್ದಿಯೂ ಇಷ್ಟು ವೇಗದಲ್ಲಿ ಹೋಗುವುದಿಲ್ಲ. ಸ್ನಾಯು ಎಷ್ಟು ಎಳೆದಿದೆ, ಕೀಲು ಯಾವ ಕೋನದಲ್ಲಿದೆ ಎಂಬ ಸುದ್ದಿಗೆ ಅತಿ ದಪ್ಪದ ತಂತು. ಸ್ಪರ್ಶಕ್ಕೆ ಅದಕ್ಕಿಂತ ಸ್ವಲ್ಪ ಸಣ್ಣದು, ಸೆಕೆಂಡಿಗೆ 35ರಿಂದ 75 ಮೀಟರ್. ಚುಚ್ಚುವ ನೋವಿಗೂ ತಂಪಿಗೂ ತೆಳು ಹೊದಿಕೆಯ ತಂತು, 5ರಿಂದ 30 ಮೀಟರ್. ಉರಿ, ಸೆಳೆತ, ಬಿಸಿ, ಬಹುಪಾಲು ತುರಿಕೆ ಬರುವುದು ಹೊದಿಕೆಯೇ ಇಲ್ಲದ ಎಳೆಗಳಲ್ಲಿ, ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್, ನಡಿಗೆಯ ವೇಗ. ಕಾಲ್ಬೆರಳನ್ನು ಹೊಸ್ತಿಲಿಗೆ ಎಡವಿದಾಗ ಇದು ನೇರವಾಗಿ ಅನುಭವಕ್ಕೆ ಬರುತ್ತದೆ. ತಾಗಿದ್ದು ತಕ್ಷಣ ಗೊತ್ತಾಗುತ್ತದೆ, ಬೆನ್ನಲ್ಲೇ ಚುರುಕ್ಕೆನ್ನುತ್ತದೆ, ಸುಮಾರು ಒಂದು ಸೆಕೆಂಡ್ ಕಳೆದ ಮೇಲೆ ತಡೆಯಲಾಗದ ಉರಿನೋವು ಉಕ್ಕಿ ಬರುತ್ತದೆ. ಕಾಲ್ಬೆರಳಿನಿಂದ ಬೆನ್ನುಹುರಿಗೆ ಒಂದು ಮೀಟರ್ ದೂರವೆಂದು ಹಿಡಿದರೆ, ಸೆಕೆಂಡಿಗೆ 15 ಮೀಟರ್ ವೇಗದ ಎಳೆಗೆ ಬೇಕಾದ ಸಮಯ 67 ಮಿಲಿಸೆಕೆಂಡ್, ಒಂದು ಮೀಟರ್ ವೇಗದ ಎಳೆಗೆ ಪೂರ್ತಿ ಒಂದು ಸೆಕೆಂಡ್. ಪೆಟ್ಟು ಒಂದೇ, ಸುದ್ದಿ ಹೊತ್ತವರು ಬೇರೆ ಬೇರೆ. ಪೆಟ್ಟಾದ ಕೂಡಲೇ ಆ ಜಾಗ ಉಜ್ಜಿಕೊಳ್ಳುವ ಅಭ್ಯಾಸಕ್ಕೂ ಅರ್ಥವಿದೆ. ಸ್ಪರ್ಶದ ದಪ್ಪ ತಂತುಗಳಿಂದ ಬರುವ ಸುದ್ದಿ ಬೆನ್ನುಹುರಿಯಲ್ಲಿ ನೋವಿನ ದಾರಿಯನ್ನು ಭಾಗಶಃ ತಡೆಯುತ್ತದೆ ಎಂದು ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದರು. ಅವರು ಬರೆದ ವಿವರಗಳಲ್ಲಿ ಎಷ್ಟೋ ತಿದ್ದುಪಡಿಯಾಗಿದೆ, ಮೂಲ ವಿಚಾರ ಉಳಿದಿದೆ.

ಈಗ ತುದಿಗೆ ಹೋಗೋಣ. ಒತ್ತಡ, ಶಾಖ, ಬೆಳಕು, ವಾಸನೆ ಇವುಗಳಲ್ಲಿ ಯಾವುದೂ ನರದೊಳಗೆ ಹಾಗೇ ನುಗ್ಗುವುದಿಲ್ಲ. ಮೊದಲು ಅವು ವೋಲ್ಟೇಜಿನ ಭಾಷೆಗೆ ತರ್ಜುಮೆಯಾಗಬೇಕು. ಈ ಕೆಲಸ ಗ್ರಾಹಕಗಳದ್ದು. ಚರ್ಮದಲ್ಲಿ ಪಿಯೆಜೊ-2 ಎಂಬ ಪ್ರೋಟೀನಿನ ದ್ವಾರವಿದೆ, ಪೊರೆ ಎಳೆದು ಹಿಗ್ಗಿದರೆ ಅದು ತೆರೆಯುತ್ತದೆ. ಟಿಆರ್‌ಪಿವಿ-1 ಎಂಬ ಇನ್ನೊಂದು ದ್ವಾರ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದಾಗ ತೆರೆಯುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಇದೇ ದ್ವಾರಕ್ಕೆ ಅಂಟಿಕೊಂಡು ಮೈಯ ಶಾಖದಲ್ಲೇ ಅದನ್ನು ತೆರೆದುಬಿಡುತ್ತದೆ. ಖಾರ ತಿಂದವರು ಬಾಯಿ ‘ಉರಿಯುತ್ತಿದೆ’ ಎನ್ನುವುದು ಅಲಂಕಾರದ ಮಾತಲ್ಲ. ಮಿದುಳಿಗೆ ಹೋದದ್ದು ಸುಟ್ಟ ಸುದ್ದಿಯೇ. ಪುದೀನದ ಮೆಂಥಾಲ್ ತಂಪಿನ ದ್ವಾರವನ್ನು ಹೀಗೇ ತೆರೆಯುತ್ತದೆ. ಶಾಖದ ದ್ವಾರವನ್ನು 1997ರಲ್ಲಿ ಹುಡುಕಿದ ಡೇವಿಡ್ ಜೂಲಿಯಸ್, ಪಿಯೆಜೊ ದ್ವಾರಗಳನ್ನು 2010ರಲ್ಲಿ ಹುಡುಕಿದ ಆರ್ಡೆಮ್ ಪಟಪೂಟಿಯನ್ ಇಬ್ಬರೂ 2021ರ ನೊಬೆಲ್ ಹಂಚಿಕೊಂಡರು.

ಗ್ರಾಹಕದಲ್ಲಿ ಏಳುವ ವೋಲ್ಟೇಜು ಪ್ರಚೋದನೆಗೆ ತಕ್ಕಂತೆ ಹೆಚ್ಚು ಕಡಿಮೆಯಾಗುತ್ತದೆ. ಆದರೆ ಅದರಿಂದ ಹುಟ್ಟುವ ನರಾವೇಗದಲ್ಲಿ ದೊಡ್ಡದು ಚಿಕ್ಕದು ಎಂಬುದಿಲ್ಲ; ಮಿತಿ ದಾಟಿದರೆ ಪೂರ್ತಿ, ದಾಟದಿದ್ದರೆ ಇಲ್ಲವೇ ಇಲ್ಲ. ಹಾಗಿದ್ದರೆ ಮೆಲ್ಲಗೆ ಮುಟ್ಟಿದ್ದು ಯಾವುದು, ಗಟ್ಟಿಯಾಗಿ ಒತ್ತಿದ್ದು ಯಾವುದು ಎಂದು ಮಿದುಳಿಗೆ ತಿಳಿಯುವುದು ಹೇಗೆ? ಎಡ್ಗರ್ ಏಡ್ರಿಯನ್ 1926ರಲ್ಲಿ ಒಂಟಿ ತಂತುವಿನ ಆವೇಗಗಳನ್ನು ದಾಖಲಿಸಿ ತೋರಿಸಿದ ಉತ್ತರ: ಎಣಿಕೆಯಿಂದ. ಬಲ ಹೆಚ್ಚಿದಷ್ಟೂ ಸೆಕೆಂಡಿಗೆ ಬರುವ ಆವೇಗಗಳು ಹೆಚ್ಚುತ್ತವೆ, ಹತ್ತರಿಂದ ನೂರಕ್ಕೆ, ಕೆಲವು ತಂತುಗಳಲ್ಲಿ ಇನ್ನೂ ಮೇಲಕ್ಕೆ. ಜೊತೆಗೆ ಅಕ್ಕಪಕ್ಕದ ಹೆಚ್ಚು ತಂತುಗಳು ಎಚ್ಚರಗೊಳ್ಳುತ್ತವೆ. ಒತ್ತಡ ಹಾಗೇ ಮುಂದುವರಿದರೆ ಬಹುತೇಕ ಗ್ರಾಹಕಗಳು ಸುಮ್ಮನಾಗುತ್ತಾ ಬರುತ್ತವೆ. ಮೈಮೇಲಿನ ಬಟ್ಟೆ ನಮಗೆ ಮರೆತುಹೋಗುವುದಕ್ಕೆ ಇದೊಂದು ಕಾರಣ. ಸುಮಾರು ಒಂದು ಮಿಲಿಮೀಟರ್ ಉದ್ದದ, ಈರುಳ್ಳಿಯಂತೆ ಪದರ ಪದರವಾದ ಪ್ಯಾಸಿನಿ ಗ್ರಾಹಕವಂತೂ ಒತ್ತಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ ಮಾತ್ರ ಮಿಡಿಯುತ್ತದೆ. ಅದರ ಕೆಲಸ ಕಂಪನ ಹಿಡಿಯುವುದು, ಸೆಕೆಂಡಿಗೆ 200ರಿಂದ 300 ಕಂಪನಕ್ಕೆ ಅದು ಅತಿ ಸೂಕ್ಷ್ಮ.

ಎಣಿಕೆ ಹೇಳುವುದು ‘ಎಷ್ಟು’ ಎಂಬುದನ್ನು. ‘ಏನು’, ‘ಎಲ್ಲಿ’ ಎಂಬುದನ್ನು ಹೇಳುವುದು ಆ ತಂತು ಎಲ್ಲಿಂದ ಬಂದಿದೆ, ಎಲ್ಲಿಗೆ ಹೋಗಿ ಸೇರುತ್ತದೆ ಎಂಬ ಸಂಗತಿ. ಕಣ್ಣಿನ ನರದ ಆವೇಗ, ಕಿವಿಯ ನರದ ಆವೇಗ, ಚರ್ಮದ ನರದ ಆವೇಗ ನೋಡಲು ಒಂದೇ ಥರ. ಕಣ್ಣು ಮುಚ್ಚಿ, ರೆಪ್ಪೆಯ ಹೊರಮೂಲೆಯನ್ನು ಬೆರಳಿನಿಂದ ತೀರಾ ಮೆಲ್ಲಗೆ ಒತ್ತಿದರೆ ಮೂಗಿನ ಬದಿಯಲ್ಲಿ ಮಸುಕಾದ ಬೆಳಕಿನ ಉಂಗುರ ಕಾಣುತ್ತದೆ (ಕಣ್ಣಿನ ಶಸ್ತ್ರಚಿಕಿತ್ಸೆಯಾದವರು, ಕಣ್ಣಿನ ತೊಂದರೆ ಇರುವವರು ಇದನ್ನು ಮಾಡಬಾರದು). ಒತ್ತಿದ್ದು ಬೆರಳು, ಬೆಳಕು ಎಲ್ಲೂ ಇಲ್ಲ. ಆದರೂ ಅಕ್ಷಿಪಟಲದಿಂದ ಬಂದ ಸುದ್ದಿಯನ್ನೆಲ್ಲ ಮಿದುಳು ಬೆಳಕೆಂದೇ ಓದುತ್ತದೆ. ಮೊಣಕೈಗೆ ತಾಗಿದಾಗ ಕಿರುಬೆರಳು ಜುಮ್ಮೆನ್ನುವುದೂ ಹೀಗೇ: ಆ ತಂತುಗಳ ತುದಿ ಇರುವುದು ಬೆರಳಿನಲ್ಲಿ, ದಾರಿಯ ನಡುವೆ ಎಲ್ಲಿ ಮಿಡಿದರೂ ಮಿದುಳಿನ ಲೆಕ್ಕದಲ್ಲಿ ಅದು ಬೆರಳೇ. ಕಾಲು ಕಳೆದುಕೊಂಡವರಿಗೆ ಇಲ್ಲದ ಪಾದ ನೋಯುವುದನ್ನು ಭ್ರಮೆ ಎಂದು ತಳ್ಳಿಹಾಕುವವರು ಈ ಮಾತನ್ನು ಮನಸ್ಸಿಟ್ಟು ಓದಬೇಕು. ಆ ನೋವು ನಿಜವಾದ ನೋವು.

ಚರ್ಮದಿಂದ ಮಿದುಳಿನ ಹೊರಪದರದವರೆಗಿನ ದಾರಿಯಲ್ಲಿ ಮುಖ್ಯವಾಗಿ ಮೂರು ನರಕೋಶಗಳ ಸರಪಳಿ ಇರುತ್ತದೆ. ಮೊದಲ ಕೋಶದ ಒಡಲು ಇರುವುದು ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ. ಅದರ ಒಂದು ಕವಲು ಚರ್ಮಕ್ಕೆ, ಇನ್ನೊಂದು ಬೆನ್ನುಹುರಿಗೆ. ಕಾಲ್ಬೆರಳಿನ ಸ್ಪರ್ಶ ಹೊರುವ ಒಂದೇ ಕೋಶ ಅಲ್ಲಿಂದ ಬೆನ್ನುಹುರಿಯ ಹಿಂಭಾಗದಲ್ಲಿ ಮೇಲೇರಿ ಕತ್ತಿನ ಮೇಲಿನ ಮಿದುಳುಕಾಂಡದವರೆಗೂ ಚಾಚಿರುತ್ತದೆ, ಎತ್ತರದ ಮನುಷ್ಯರಲ್ಲಿ ಒಂದೂವರೆ ಮೀಟರಿನಷ್ಟು. ಅಲ್ಲಿ ಎರಡನೆಯ ಕೋಶ ಸುದ್ದಿ ಪಡೆದು ಎದುರು ಬದಿಗೆ ದಾಟಿ, ಮಿದುಳಿನ ನಡುವಿನ ಸುದ್ದಿಕೇಂದ್ರವಾದ ಥಲಾಮಸ್ ತಲುಪುತ್ತದೆ, ಮೂರನೆಯದು ಥಲಾಮಸ್‌ನಿಂದ ಹೊರಪದರಕ್ಕೆ ಒಯ್ಯುತ್ತದೆ. ನೋವು ಮತ್ತು ಶಾಖದ ದಾರಿ ಬೇರೆ: ಅದು ಬೆನ್ನುಹುರಿ ಸೇರಿದ ಒಂದೆರಡು ಹಂತದಲ್ಲೇ ಎದುರು ಬದಿಗೆ ದಾಟಿಬಿಡುತ್ತದೆ. ಆದ್ದರಿಂದ ಬೆನ್ನುಹುರಿಯ ಬಲ ಅರ್ಧ ಮಾತ್ರ ತುಂಡಾದರೆ ಆ ಮಟ್ಟದ ಕೆಳಗೆ ಬಲಗಾಲಿಗೆ ಕಂಪನ, ಕೀಲಿನ ಸ್ಥಿತಿ ತಿಳಿಯುವುದಿಲ್ಲ, ಎಡಗಾಲಿಗೆ ನೋವು, ಬಿಸಿ, ತಂಪು ತಿಳಿಯುವುದಿಲ್ಲ. ವಾಸನೆಯೊಂದೇ ಥಲಾಮಸ್ಸನ್ನು ಬಳಸದೆ ನೇರವಾಗಿ ತನ್ನ ಹೊರಪದರ ಸೇರುತ್ತದೆ.

ಒಂದು ಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಜಾಗದಲ್ಲಿ ಸುಮಾರು 20 ನ್ಯಾನೋಮೀಟರ್ ಸಂದು ಇದೆ. ಆವೇಗ ತುದಿ ಮುಟ್ಟಿದಾಗ ಕ್ಯಾಲ್ಸಿಯಂ ಒಳಬಂದು, ಪುಟ್ಟ ಚೀಲಗಳಲ್ಲಿರುವ ರಾಸಾಯನಿಕ (ಈ ದಾರಿಗಳಲ್ಲಿ ಹೆಚ್ಚಾಗಿ ಗ್ಲುಟಮೇಟ್) ಸಂದಿಗೆ ಸುರಿಯುತ್ತದೆ. ಅರ್ಧದಿಂದ ಒಂದು ಮಿಲಿಸೆಕೆಂಡ್ ತಡ. ಈ ಸಂದುಗಳಲ್ಲೇ ಸುದ್ದಿಯ ಸೋಸುವಿಕೆ ನಡೆಯುವುದು: ಬೇಡದ್ದನ್ನು ತಗ್ಗಿಸುತ್ತವೆ, ಅಂಚುಗಳನ್ನು ಎತ್ತಿ ತೋರಿಸುತ್ತವೆ. ಕಣ್ಣಿನಲ್ಲಿ ಈ ಸೋಸುವಿಕೆ ಎಷ್ಟಿದೆಯೆಂದರೆ ಹನ್ನೆರಡು ಕೋಟಿಯಷ್ಟು ಬೆಳಕಿನ ಗ್ರಾಹಕಗಳ ಸುದ್ದಿಯನ್ನು ಹತ್ತು ಲಕ್ಷದ ಆಸುಪಾಸಿನ ತಂತುಗಳು ಹೊತ್ತೊಯ್ಯುತ್ತವೆ. ಹೊರಪದರದಲ್ಲಿ ದೇಹದ ನಕ್ಷೆ ಇದೆ, ಆದರೆ ಅದು ಅಳತೆಗೆ ಸರಿಯಾದ ನಕ್ಷೆಯಲ್ಲ. ತುಟಿ ಮತ್ತು ಬೆರಳುಗಳಿಗೆ ಇಡೀ ಬೆನ್ನಿಗಿಂತ ದೊಡ್ಡ ಜಾಗ. ಮೊಂಡುತುದಿಯ ಎರಡು ಕಡ್ಡಿಗಳನ್ನು ಒಟ್ಟಿಗೆ ಮುಟ್ಟಿಸಿ ನೋಡಿ: ಬೆರಳ ತುದಿಯಲ್ಲಿ 2-3 ಮಿಲಿಮೀಟರ್ ಅಂತರವಿದ್ದರೂ ಎರಡೆಂದು ತಿಳಿಯುತ್ತದೆ, ಬೆನ್ನ ಮೇಲೆ 4 ಸೆಂಟಿಮೀಟರಿನವರೆಗೂ ಒಂದೇ ಎನ್ನಿಸುತ್ತದೆ.

ಇನ್ನು ಕೆಡುವ ಬಗೆ. ಈ ಭಾಗವನ್ನು ಓದುಗರು ದಯವಿಟ್ಟು ನಿಧಾನವಾಗಿ ಓದಬೇಕು.

ಕಾಲ ಮೇಲೆ ಕಾಲು ಹಾಕಿ ಬಹಳ ಹೊತ್ತು ಕುಳಿತಾಗ ಒತ್ತಡದಿಂದ ನರಕ್ಕೇ ರಕ್ತ ಕಡಿಮೆಯಾಗುತ್ತದೆ, ಪಂಪು ಸೋಲುತ್ತದೆ, ಮರುಹುಟ್ಟು ನಿಲ್ಲುತ್ತದೆ. ಒತ್ತಡಕ್ಕೆ ಮೊದಲು ಸೋಲುವುದು ದಪ್ಪ ತಂತುಗಳು. ಹಾಗಾಗಿ ಮೊದಲು ಸ್ಪರ್ಶ ಹೋಗುತ್ತದೆ, ನೋವು ಕೊನೆಯವರೆಗೂ ಉಳಿಯುತ್ತದೆ. ಕಾಲು ಬಿಡಿಸಿದ ಮೇಲೆ ರಕ್ತ ಮರಳಿದರೂ ಪೊರೆ ಸ್ವಲ್ಪ ಹೊತ್ತು ಹದ ತಪ್ಪಿರುತ್ತದೆ, ತಂತುಗಳು ತಾವಾಗಿ ಮಿಡಿಯುತ್ತವೆ. ಸೂಜಿ ಚುಚ್ಚಿದಂತಾಗುವ ಜೋಮು ಅದೇ. ಕೆಲವು ನಿಮಿಷದಲ್ಲಿ ಹೋಗುವ ಜೋಮಿಗೆ ಹೆದರಬೇಕಿಲ್ಲ. ಗಂಟೆಗಟ್ಟಲೆ ಒತ್ತಿದ್ದರೆ ಆ ಜಾಗದ ಮೈಲಿನ್ ಹಾಳಾಗಿ, ಸರಿಯಾಗಲು ವಾರಗಳೇ ಬೇಕು. ರಾತ್ರಿ ಎಚ್ಚರವಾಗುವಂತೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಕಿರುಬೆರಳು ಮಾತ್ರ ಸರಿಯಿದ್ದರೆ, ಅದು ಮಣಿಕಟ್ಟಿನ ಇಕ್ಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಲಕ್ಷಣ.

ಅರಿವಳಿಕೆಯಲ್ಲಿ ಕ್ರಮ ತಿರುಗುಮುರುಗು. ಲಿಡೋಕೇನ್ ಎಂಬ ಅರಿವಳಿಕೆ ಮದ್ದು ಪೊರೆಯನ್ನು ದಾಟಿ ಒಳಗಿನಿಂದ ಸೋಡಿಯಂ ದ್ವಾರಗಳನ್ನು ಮುಚ್ಚುತ್ತದೆ, ಸಣ್ಣ ಎಳೆಗಳು ಮೊದಲು ನಿಲ್ಲುತ್ತವೆ. ಅದಕ್ಕೇ ಹಲ್ಲು ಕೀಳುವಾಗ ನೋವಿಲ್ಲದಿದ್ದರೂ ಒತ್ತುವುದು, ಎಳೆಯುವುದು ತಿಳಿಯುತ್ತಲೇ ಇರುತ್ತದೆ. ಹಾಗೆ ತಿಳಿದರೆ ಮದ್ದು ಹಿಡಿದಿಲ್ಲವೆಂದು ಗಾಬರಿಪಡಬೇಕಿಲ್ಲ. ಕೀವಾದ ಜಾಗದಲ್ಲಿ ಆಮ್ಲೀಯತೆ ಹೆಚ್ಚು. ಅಲ್ಲಿ ಮದ್ದಿನ ಹೆಚ್ಚು ಪಾಲು ವಿದ್ಯುದಂಶ ಹೊತ್ತ ರೂಪಕ್ಕೆ ತಿರುಗುತ್ತದೆ, ಆ ರೂಪ ಪೊರೆಯನ್ನು ಸುಲಭವಾಗಿ ದಾಟಲಾರದು. ಆದ್ದರಿಂದ ವೈದ್ಯರು ಕೀವಿನಿಂದ ದೂರದಲ್ಲಿ, ನರದ ಬುಡದ ಕಡೆ ಚುಚ್ಚುತ್ತಾರೆ.

ಸಕ್ಕರೆ ಕಾಯಿಲೆಯಲ್ಲಿ ಕಾಲ್ಬೆರಳೇ ಮೊದಲು ಯಾಕೆ? ತಂತುವಿಗೆ ಬೇಕಾದ ಪ್ರೋಟೀನುಗಳಲ್ಲಿ ಬಹುಪಾಲು ತಯಾರಾಗುವುದು ಬೆನ್ನ ಪಕ್ಕದ ನರಗಂಟಿನಲ್ಲಿರುವ ಒಡಲಿನಲ್ಲಿ. ಅಲ್ಲಿಂದ ತುದಿಗೆ ಸಾಗಣೆ ನಡೆಯಬೇಕು: ವೇಗದ ಸರಕು ದಿನಕ್ಕೆ 200ರಿಂದ 400 ಮಿಲಿಮೀಟರ್, ನಿಧಾನದ್ದು ದಿನಕ್ಕೆ ಕೆಲವೇ ಮಿಲಿಮೀಟರ್. ಹೆಚ್ಚಿದ ಸಕ್ಕರೆ ತಂತುವನ್ನೂ ಅದನ್ನು ಪೋಷಿಸುವ ಸಣ್ಣ ರಕ್ತನಾಳಗಳನ್ನೂ ಕೆಡಿಸಿದಾಗ ಮೊದಲು ಸೊರಗುವುದು ಅತಿ ಉದ್ದದ ತಂತುವಿನ ತುದಿ. ಮರಗಟ್ಟುವಿಕೆ ಎರಡೂ ಪಾದಗಳಲ್ಲಿ ಕಾಲುಚೀಲ ತೊಟ್ಟಂತೆ ಮೇಲೇರುತ್ತದೆ, ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳುಗಳಲ್ಲೂ ಶುರುವಾಗುತ್ತದೆ. ಉರಿಯುತ್ತಿದ್ದ ಪಾದ ಔಷಧವಿಲ್ಲದೆ ತಣ್ಣಗಾದರೆ ಅದು ಗುಣವಾದ ಸೂಚನೆಯೆಂದು ತಿಳಿಯುವುದು ಅಪಾಯ. ಸುದ್ದಿ ತರುತ್ತಿದ್ದ ಎಳೆಗಳೇ ಸತ್ತಿರಬಹುದು. ಆಮೇಲೆ ಚಪ್ಪಲಿಯೊಳಗಿನ ಮೊಳೆಯೂ ಗೊತ್ತಾಗುವುದಿಲ್ಲ, ಬಿಸಿನೀರೂ ಗೊತ್ತಾಗುವುದಿಲ್ಲ, ಹುಣ್ಣು ಕಣ್ಣಿಗೆ ಬೀಳುವಷ್ಟರಲ್ಲಿ ಮೂಳೆ ತಲುಪಿರುತ್ತದೆ. ಪಾದ ಮುಳುಗಿಸುವ ಮೊದಲು ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಬೇಕು, ದಿನಕ್ಕೊಮ್ಮೆ ಅಂಗಾಲನ್ನು ಕನ್ನಡಿ ಹಿಡಿದು ನೋಡಬೇಕು.

ಈ ನಷ್ಟವನ್ನು ಹಿಡಿಯುವ ಪರೀಕ್ಷೆ ಅತಿ ಸರಳ, ವರ್ಷಕ್ಕೊಮ್ಮೆಯಾದರೂ ಕೇಳಿ ಮಾಡಿಸಿಕೊಳ್ಳಬೇಕು. 10 ಗ್ರಾಂ ಬಲಕ್ಕೆ ಬಾಗುವಂತೆ ಮಾಡಿದ ನೈಲಾನ್ ಎಳೆಯನ್ನು, ಕಣ್ಣು ಮುಚ್ಚಿದವರ ಅಂಗಾಲಿನ ಗೊತ್ತಾದ ಜಾಗಗಳಿಗೆ ನೇರವಾಗಿ ಒತ್ತಿ, ಎಳೆ ಬಾಗಿದ ಮೇಲೆ ಒಂದೆರಡು ಸೆಕೆಂಡ್ ಹಿಡಿದು ತೆಗೆಯಬೇಕು. ಚರ್ಮ ಗಟ್ಟಿಕಟ್ಟಿದ ಆಣಿಯ ಮೇಲೆ ಒತ್ತಿದರೆ, ಎಳೆಯನ್ನು ಚರ್ಮದ ಮೇಲೆ ಜಾರಿಸಿದರೆ, ‘ಗೊತ್ತಾಯಿತಾ’ ಎಂದು ಒತ್ತುವಾಗಲೇ ಕೇಳಿದರೆ ಫಲಿತಾಂಶ ಕೆಡುತ್ತದೆ. ಜೊತೆಗೆ ಸೆಕೆಂಡಿಗೆ 128 ಬಾರಿ ಕಂಪಿಸುವ ಶ್ರುತಿಕವೆಯನ್ನು ಕಾಲಿನ ಹೆಬ್ಬೆರಳ ಮೂಳೆಯ ಮೇಲಿಟ್ಟು ಕಂಪನ ನಿಂತದ್ದು ಯಾವಾಗ ತಿಳಿಯಿತೆಂದು ಕೇಳುತ್ತಾರೆ. ಇಲ್ಲೊಂದು ಮುಖ್ಯ ಮಾತು: ನರದ ವೇಗ ಅಳೆಯುವ ಯಂತ್ರಪರೀಕ್ಷೆ ಹಿಡಿಯುವುದು ದಪ್ಪ ತಂತುಗಳ ಸದ್ದನ್ನು ಮಾತ್ರ. ಉರಿ ಹೊರುವ ಸಣ್ಣ ಎಳೆಗಳು ಹಾಳಾಗಿದ್ದರೂ ಆ ವರದಿ ‘ನಾರ್ಮಲ್’ ಎಂದೇ ಬರಬಹುದು. ಅದನ್ನು ತೋರಿಸಿ, ಪಾದ ಉರಿಯುತ್ತದೆ ಎನ್ನುವವರಿಗೆ ‘ನಿಮ್ಮದು ಬರೀ ಮನಸ್ಸಿನ ಕಲ್ಪನೆ’ ಎಂದು ಹೇಳಿ ಕಳಿಸುವುದು ವೈದ್ಯಕೀಯವಾಗಿ ತಪ್ಪು.

ಕುಷ್ಠರೋಗದ ಬ್ಯಾಕ್ಟೀರಿಯಾ ನೆಲೆಸುವುದು ಹೊದಿಕೆ ಸುತ್ತುವ ಷ್ವಾನ್ ಕೋಶಗಳಲ್ಲಿ, ಅದೂ ದೇಹದ ತಂಪು ಜಾಗಗಳಲ್ಲಿ. ಮಚ್ಚೆಯ ಮೇಲೆ ಬಿಸಿ-ತಂಪಿನ ವ್ಯತ್ಯಾಸ ತಿಳಿಯದಿರುವುದು ಮೊದಲ ಸುಳಿವುಗಳಲ್ಲೊಂದು, ಬೇಗ ತೋರಿಸಿದರೆ ಪೂರ್ತಿ ಗುಣವಾಗುತ್ತದೆ. ಬಿ-12 ಜೀವಸತ್ವದ ಕೊರತೆ ಕೆಡಿಸುವುದು ಬೆನ್ನುಹುರಿಯ ಹಿಂಭಾಗದ ದಪ್ಪ ತಂತುಗಳನ್ನು. ಕೀಲು ಎಲ್ಲಿದೆಯೆಂಬ ಸುದ್ದಿ ತಪ್ಪುತ್ತದೆ. ಹಗಲಲ್ಲಿ ಕಣ್ಣು ಆ ಕೊರತೆ ತುಂಬುತ್ತದೆ. ಮುಖ ತೊಳೆಯಲು ಕಣ್ಣು ಮುಚ್ಚಿದಾಗ, ಕತ್ತಲಲ್ಲಿ ನಡೆಯುವಾಗ ಮೈ ವಾಲಿದರೆ ಇದನ್ನು ನೆನಪಿಸಿಕೊಳ್ಳಬೇಕು.

ಹೃದಯಕ್ಕೆ ರಕ್ತ ಕಡಿಮೆಯಾದಾಗ ಎಡಗೈ ನೋಯುವುದಕ್ಕೂ ದಾರಿಯೇ ಕಾರಣ. ಹೃದಯದ ಎಳೆಗಳೂ ತೋಳಿನ ಒಳಬದಿಯ ಎಳೆಗಳೂ ಬೆನ್ನುಹುರಿಯ ಎದೆಮಟ್ಟದಲ್ಲಿ ಅವೇ ಕೋಶಗಳಿಗೆ ಸುದ್ದಿ ಒಪ್ಪಿಸುತ್ತವೆ. ಮಿದುಳು ಮೂಲವನ್ನು ತೋಳೆಂದು ಓದುತ್ತದೆ. ಎದೆ ಬಿಗಿದು ಬೆವರಿನ ಜೊತೆ ತೋಳು ನೋಯುತ್ತಿದ್ದರೆ ತೋಳಿಗೆ ಮುಲಾಮು ಹಚ್ಚುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

‘ನರದೌರ್ಬಲ್ಯ’ಕ್ಕೆಂದು ಮಾರುವ ಗುಳಿಗೆಗಳ ವಿಷಯ ಹೇಳದೆ ಪತ್ರ ಮುಗಿಸಲಾಗದು. ಆ ಹೆಸರಿನ ನಿರ್ದಿಷ್ಟ ಕಾಯಿಲೆ ಇಲ್ಲ. ಕೈನಡುಕ, ಸುಸ್ತು, ಜೋಮು, ಆತಂಕ ಎಲ್ಲಕ್ಕೂ ಅದೇ ಹೆಸರು ಅಂಟಿಸಿ ಕಾರಣ ಹುಡುಕುವ ಕೆಲಸವನ್ನೇ ಬಿಡಲಾಗುತ್ತದೆ. ಬಿ ಜೀವಸತ್ವ ಕೊರತೆ ಇದ್ದವರಿಗೆ ಮದ್ದು, ಇಲ್ಲದವರ ನರಕ್ಕೆ ಅದರಿಂದ ಬಲ ಬರುವುದಿಲ್ಲ. ಬಿ-6 ಅಂತೂ ಅತಿಯಾದರೆ ತಾನೇ ನರಗಂಟಿನ ಸಂವೇದನಾ ಕೋಶಗಳನ್ನು ಕೊಲ್ಲುತ್ತದೆ. ದಿನಕ್ಕೆ 2ರಿಂದ 6 ಗ್ರಾಂ ತಿಂದವರು ಕೈಕಾಲಿನ ಅರಿವು ಕಳೆದುಕೊಂಡದ್ದು 1983ರಲ್ಲೇ ವರದಿಯಾಗಿದೆ, ಅದಕ್ಕಿಂತ ಕಡಿಮೆ ಪ್ರಮಾಣವೂ ದೀರ್ಘಕಾಲ ತಿಂದರೆ ಹಾನಿ ಮಾಡಿದ್ದುಂಟು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಎರಡು ಮಿಲಿಗ್ರಾಮಿಗಿಂತ ಕಡಿಮೆ. ಗುಳಿಗೆ ಪಟ್ಟಿಯ ಹಿಂದೆ ‘ಪೈರಿಡಾಕ್ಸಿನ್’ (ಬಿ-6ರ ಇನ್ನೊಂದು ಹೆಸರು) ಎಂಬುದರ ಮುಂದಿರುವ ಅಂಕಿಯನ್ನು ಓದಿ. ಎರಡು ಮೂರು ಬಗೆಯ ಗುಳಿಗೆ ಒಟ್ಟಿಗೆ ತಿನ್ನುವವರು ಕೂಡಿ ಲೆಕ್ಕ ಹಾಕಿ.

ತುಂಡಾದ ನರ ಮತ್ತೆ ಬೆಳೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಬೆನ್ನುಹುರಿ, ಮಿದುಳಿನ ಹೊರಗಿನ ನರವಾದರೆ, ಅದರ ಕೊಳವೆ ಸರಿಯಾಗಿ ಜೋಡಿಸಿದ್ದರೆ, ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಗಾಯ ಬೆರಳ ತುದಿಯಿಂದ 30 ಸೆಂಟಿಮೀಟರ್ ದೂರದಲ್ಲಿದ್ದರೆ ಅರಿವು ಮರಳಲು ಹತ್ತು ತಿಂಗಳು. ಮೂರು ತಿಂಗಳಿಗೇ ಆಸೆ ಬಿಟ್ಟು ವ್ಯಾಯಾಮ ನಿಲ್ಲಿಸಬಾರದು. ಮೊದಲು ಮರಳುವುದು ನೋವು, ಸೂಕ್ಷ್ಮ ಸ್ಪರ್ಶ ಕೊನೆಗೆ. ಎಳೆಗಳು ಹಳೆಯ ಜಾಗಕ್ಕೇ ಸೇರುತ್ತವೆಂಬ ಖಾತರಿಯಿಲ್ಲ, ಹಾಗಾಗಿ ತೋರುಬೆರಳು ಮುಟ್ಟಿದರೆ ನಡುಬೆರಳು ಮುಟ್ಟಿದಂತೆ ಅನ್ನಿಸುವುದೂ ಉಂಟು.

ಕೊನೆಗೆ ಪತ್ರಿಕೆಗೆ ಒಂದು ವಿನಂತಿ. ಈ ವಿಷಯಕ್ಕೆ ಚಿತ್ರ ಹಾಕುವಾಗ ಸಾಮಾನ್ಯವಾಗಿ ಬಳಸುವುದು ಒಂದು ತುದಿಯಲ್ಲಿ ಕವಲೊಡೆದ ಒಡಲು, ಇನ್ನೊಂದು ತುದಿಗೆ ಬಾಲದಂಥ ತಂತು ಇರುವ ಚಿತ್ರ. ಅದು ಸ್ನಾಯುವನ್ನು ಆಡಿಸುವ ಕೋಶದ್ದು. ಸ್ಪರ್ಶ, ನೋವು ಹೊರುವ ಕೋಶದ ಒಡಲು ತಂತುವಿನ ತುದಿಯಲ್ಲಿರುವುದಿಲ್ಲ. ಬೆನ್ನುಮೂಳೆಯ ಪಕ್ಕದಲ್ಲಿ, ಒಂದು ಗಿಡ್ಡ ತೊಟ್ಟಿನ ಮೇಲೆ ದುಂಡಗೆ ಕುಳಿತಿರುತ್ತದೆ, ತೊಟ್ಟಿನಿಂದ ಎರಡು ಕವಲು ಎರಡು ದಿಕ್ಕಿಗೆ ಹೋಗುತ್ತವೆ. ಮುಂದಿನ ಸಲ ಆ ಚಿತ್ರವನ್ನೇ ಹಾಕಿ, ಅಂಗಾಲಿನಿಂದ ಆ ಒಡಲಿಗೆ ಇರುವ ದೂರವನ್ನೂ ಅದರ ಮೇಲೆ ಬರೆಯಿಸಿ.

ಇಂತಿ,
ಶರೀರಕ್ರಿಯಾಶಾಸ್ತ್ರ ಬೋಧಿಸುವ ಓದುಗರು